ವಯಸ್ಕರ ಶಿಕ್ಷಣದ ಬೋಧಕರು: ಅವರ ತರಬೇತಿ ಮತ್ತು ಅರ್ಹತೆಗಳ ವಿಮರ್ಶೆ

೧

ಎಳೆಯ ಮಕ್ಕಳಿಗೆ ಅಕ್ಷರ ಕಲಿಸುವವನು ಕಲಿಸುವ ವಿದ್ಯೆಯನ್ನು ತಾನು ಮೊದಲು ಕಲಿತಿರಬೇಕೆಂಬ ವಿಷಯದಲ್ಲಿ ಇಂದು ನಮ್ಮ ದೇಶದಲ್ಲಿ ಭಿನ್ನಾಭಿಪ್ರಾಯವಿಲ್ಲ. ಪ್ರಾಥಮಿಕ ಶಾಲೆಯ ಉಪಾಧ್ಯಾಯನಾಗತಕ್ಕವನು ಆ ವಿದ್ಯೆಯನ್ನು ವರ್ಷಗಟ್ಟಲೆ ಅಭ್ಯಾಸಮಾಡಿ ಪ್ರಮಾಣಪತ್ರವನ್ನು ಪಡೆಯಬೇಕು. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆ ಬಂದಮೇಲೆ ಅರ್ಹತಾ ಪರೀಕ್ಷೆಯೊಂದರಲ್ಲಿಯೂ ತೇರ್ಗಡೆಯಾಗಬೇಕು. ಆದರೆ ಅದೇ ಅಕ್ಷರವನ್ನು ನಲವತ್ತು ವರ್ಷದ ರೈತನಿಗೋ ಐವತ್ತು ವರ್ಷದ ಗೃಹಿಣಿಗೋ ಕಲಿಸಹೊರಡುವವನಿಗೆ ಏನು ತಿಳಿದಿರಬೇಕು, ಅದು ತಿಳಿದಿದೆಯೆಂಬುದನ್ನು ಯಾರು ಪರೀಕ್ಷಿಸಬೇಕು ಎಂದು ಕೇಳಿದರೆ ನಿಯತವಾದ ಉತ್ತರ ದೊರೆಯುವುದಿಲ್ಲ. ಓದುಬರಹ ಬಲ್ಲ ಯಾರಾದರೂ ಸಾಲದೆ ಎಂಬ ಮರುಪ್ರಶ್ನೆಯೇ ಹೆಚ್ಚಾಗಿ ಉತ್ತರವಾಗಿ ಬರುತ್ತದೆ.

ಕಾಯಿದೆಯು ಈ ವಿಷಯವನ್ನು ಮರೆತಿತೆಂದು ಹೇಳುವಂತೆಯೂ ಇಲ್ಲ. ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಪರಿಷತ್ತನ್ನು ಸ್ಥಾಪಿಸಿದ ೧೯೯೩ರ ಕಾಯಿದೆಯು ‘ಅಧ್ಯಾಪಕ ಶಿಕ್ಷಣ’ವೆಂಬ ಮಾತಿಗೆ ಕೊಟ್ಟಿರುವ ವ್ಯಾಖ್ಯೆಯಲ್ಲಿ ವಯಸ್ಕರ ಶಿಕ್ಷಣವೂ ಸ್ಪಷ್ಟವಾಗಿ ಸೇರಿದೆ. ವ್ಯಾಖ್ಯೆಯಲ್ಲಿ ಸೇರಿದ್ದು ಸಾಕ್ಷರತಾ ಕೇಂದ್ರದ ಬಾಗಿಲವರೆಗೆ ಬರಲಿಲ್ಲ. ಶಾಲೆಯ ಉಪಾಧ್ಯಾಯನಿಗೆ ಕಡ್ಡಾಯವಾದ ಅರ್ಹತೆ, ಅದೇ ಊರಿನ ಅದೇ ಕಟ್ಟಡದಲ್ಲಿ ಸಂಜೆ ಪಾಠ ಹೇಳುವ ಬೋಧಕನಿಗೆ ಬೇಕಿಲ್ಲ. ಈ ಭೇದವು ವಿಚಾರಮಾಡಿ ಗೊತ್ತುಮಾಡಿದ್ದೋ, ವಿಚಾರವೇ ಇಲ್ಲದೆ ಉಳಿದುಬಂದದ್ದೋ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

೨

ಮೊದಲು ನಮ್ಮಲ್ಲಿ ನಡೆದುಬಂದ ಕ್ರಮವನ್ನು ನೋಡೋಣ. ಮೈಸೂರು ಸಂಸ್ಥಾನದಲ್ಲಿ ಈ ಪ್ರಯತ್ನ ಹೊಸದಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ೧೯೧೨–೧೮ರ ಅವಧಿಯಲ್ಲಿಯೇ ದೊಡ್ಡವರಿಗಾಗಿ ಸಾಕ್ಷರತೆಯ ತರಗತಿಗಳು ನಡೆದುವು. ೧೯೪೦ರ ದಶಕದಲ್ಲಿ ಮೈಸೂರಿನಲ್ಲಿ ವಯಸ್ಕರ ಶಿಕ್ಷಣಕ್ಕಾಗಿಯೇ ಒಂದು ಸಮಿತಿ ಏರ್ಪಟ್ಟಿತು. ಅದು ಅಕ್ಷರದ ತರಗತಿಗಳೊಂದಿಗೆ ನಿಲ್ಲದೆ, ಹೊಸದಾಗಿ ಓದಬಲ್ಲವರಾದವರಿಗೆಂದು ‘ಬೆಳಕು’ ಎಂಬ ಪತ್ರಿಕೆಯನ್ನು ಹೊರಡಿಸಿತು. ಡೆನ್ಮಾರ್ಕ್ ದೇಶದಲ್ಲಿ ೧೮೪೪ರಲ್ಲಿ ಮೊದಲಾದ ಜನತಾ ಪ್ರೌಢಶಾಲೆಗಳನ್ನು ಹೋಲುವ ವಿದ್ಯಾಪೀಠಗಳನ್ನು ನಂಜನಗೂಡು ಮೊದಲಾದೆಡೆಗಳಲ್ಲಿ ನಡೆಸಿತು. ರೈತರ ಮಕ್ಕಳು ಕೆಲವು ಕಾಲ ಅಲ್ಲಿಯೇ ವಾಸವಾಗಿದ್ದು ಬೇಸಾಯ, ಕೈಕೆಲಸ, ಊರಾಳಿಕೆಗಳನ್ನು ಕಲಿಯುವ ಈ ಏರ್ಪಾಟಿನಲ್ಲಿ ಬೋಧಕನು ಕಲಿಯುವವರೊಡನೆ ಬಾಳುವವನಾಗಿದ್ದನು. ಅಕ್ಷರ ಕಲಿಸುವುದು ಬೇರೆ, ವಯಸ್ಕನಿಗೆ ಶಿಕ್ಷಣ ಕೊಡುವುದು ಬೇರೆ ಎಂಬ ವಿವೇಚನೆ ಅಂದೇ ನಮ್ಮಲ್ಲಿತ್ತೆಂಬುದಕ್ಕೆ ಇದು ನಿದರ್ಶನ.

ದೇಶಕ್ಕೆಲ್ಲ ಅನ್ವಯಿಸುವಂತೆ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ ಆರಂಭವಾದದ್ದು ೧೯೭೮ರ ಅಕ್ಟೋಬರ್ ೨ರಂದು. ಐದು ವರ್ಷಗಳಲ್ಲಿ ೧೫ರಿಂದ ೩೫ರ ವಯಸ್ಸಿನ ೧೦ ಕೋಟಿ ಜನರನ್ನು ಮುಟ್ಟಬೇಕೆಂಬುದು ಅದರ ಸಂಕಲ್ಪ. ಅಕ್ಷರಜ್ಞಾನ, ಕಾರ್ಯಕುಶಲತೆ, ಸಾಮಾಜಿಕ ಅರಿವು ಎಂಬ ಮೂರು ಅಂಗಗಳನ್ನು ಅದು ಹೇಳಿತು. ಈ ಮೂರನ್ನೂ ಸುಮಾರು ೩೦ ಜನರ ತರಗತಿಗೆ ತಲುಪಿಸತಕ್ಕ ಬೋಧಕನಿಗೆ ಗೊತ್ತುಮಾಡಿದ ಗೌರವಧನ ತಿಂಗಳಿಗೆ ೫೦ ರೂಪಾಯಿ. ಅವನ ತರಬೇತಿಯೋ ದಿನಗಳಲ್ಲಿ ಎಣಿಸುವಷ್ಟು. ಉದ್ದೇಶದ ಎತ್ತರಕ್ಕೂ ಬೋಧಕನಿಗೆ ಒದಗಿಸಿದ ಸಿದ್ಧತೆಗೂ ಇದ್ದ ಅಂತರವನ್ನು ಈ ಒಂದು ಹೋಲಿಕೆಯಿಂದಲೇ ವಾಚಕರು ಗ್ರಹಿಸಬಹುದು.

೧೯೮೮ರ ಮೇ ೫ರಂದು ರಾಷ್ಟ್ರೀಯ ಸಾಕ್ಷರತಾ ಮಿಷನ್ ಪ್ರಾರಂಭವಾಯಿತು. ಬೋಧಕನಿಗೆ ಕೊಡುತ್ತಿದ್ದ ಅಲ್ಪ ಸಂಭಾವನೆಯೂ ಆಂದೋಲನದ ಕಾಲದಲ್ಲಿ ಹೋಗಿ, ಸ್ವಯಂಸೇವಕನು ಮುಂದೆ ಬಂದನು. ೨೦೦೯ರ ಸೆಪ್ಟೆಂಬರ್ ೮ರಂದು ಆರಂಭವಾದ ‘ಸಾಕ್ಷರ ಭಾರತ’ವು ಗ್ರಾಮಪಂಚಾಯಿತಿಗೊಂದು ಲೋಕಶಿಕ್ಷಣ ಕೇಂದ್ರವನ್ನೂ, ಕೇಂದ್ರಕ್ಕೆ ತಿಂಗಳಿಗೆ ೨೦೦೦ ರೂಪಾಯಿ ಗೌರವಧನದ ಇಬ್ಬರು ಪ್ರೇರಕರನ್ನೂ ಕಲ್ಪಿಸಿತು, ಪಾಠ ಹೇಳುವವರು ಮಾತ್ರ ಹಿಂದಿನಂತೆಯೇ ಸ್ವಯಂಸೇವಕರು. ೨೦೧೮ರ ಮಾರ್ಚಿಯಲ್ಲಿ ಆ ಯೋಜನೆ ಮುಗಿಯಿತು. ೨೦೨೨–೨೭ರ ಅವಧಿಗೆಂದು ಮಂಜೂರಾದ ನವಭಾರತ ಸಾಕ್ಷರತಾ ಕಾರ್ಯಕ್ರಮವು ೫ ಕೋಟಿ ಜನರನ್ನು ಲಕ್ಷ್ಯದಲ್ಲಿಟ್ಟುಕೊಂಡು ಸ್ವಯಂಸೇವೆಯನ್ನೇ ತನ್ನ ಮೂಲತತ್ತ್ವವಾಗಿ ಸ್ವೀಕರಿಸಿತು. ಹೀಗೆ ಯೋಜನೆಗಳ ಹೆಸರು ಬದಲಾದಷ್ಟು ಬೋಧಕನ ಸ್ಥಿತಿ ಬದಲಾಗಲಿಲ್ಲ.

೩

ಈ ಕ್ರಮಕ್ಕೆ ಸಮರ್ಥನೆಯಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಪೂರ್ವಪಕ್ಷವು ಬಲವಾದದ್ದೇ, ಅದನ್ನು ಪೂರ್ಣವಾಗಿ ಎತ್ತಿಹೇಳಿಯೇ ಉತ್ತರ ಕೊಡಬೇಕು.

ಒಂದನೆಯದಾಗಿ, ಸಂಖ್ಯೆಯ ವಾದ. ಕೋಟಿಗಟ್ಟಲೆ ನಿರಕ್ಷರರಿರುವ ದೇಶದಲ್ಲಿ ಪದವೀಧರ ಬೋಧಕರಿಗಾಗಿ ಕಾದು ಕುಳಿತರೆ ಒಂದು ತಲೆಮಾರು ಕತ್ತಲೆಯಲ್ಲಿಯೇ ಕಳೆದುಹೋಗುವುದು. ಓದುಬಲ್ಲ ಒಬ್ಬೊಬ್ಬನೂ ಇನ್ನೊಬ್ಬನಿಗೆ ಕಲಿಸಲಿ ಎಂಬ ಸೂತ್ರವನ್ನು ಫ್ರಾಂಕ್ ಲಾಬಾಕ್ ಎಂಬ ಅಮೆರಿಕದ ಪಾದ್ರಿ ಫಿಲಿಪ್ಪೀನ್ಸ್ ದ್ವೀಪಗಳಲ್ಲಿ ಪ್ರಯೋಗಿಸಿ ಲೋಕಪ್ರಸಿದ್ಧಗೊಳಿಸಿದುದು ಈ ಕಾರಣದಿಂದಲೇ. ಎರಡನೆಯದಾಗಿ, ಆತ್ಮೀಯತೆಯ ವಾದ. ಊರಿನ ಹುಡುಗಿಯೊಬ್ಬಳು ಅತ್ತೆಯ ಸಮಾನಳಾದ ನೆರೆಮನೆಯಾಕೆಗೆ ಪಾಠ ಹೇಳುವಾಗ ಇರುವ ಸಲಿಗೆ, ಪಟ್ಟಣದಿಂದ ಬಂದ ಪ್ರಮಾಣಪತ್ರಧಾರಿಗೆ ದೊರೆಯಲಾರದು. ಮೂರನೆಯದು ಅನುಭವದ ವಾದ. ಕೇರಳದ ಎರ್ನಾಕುಳಂ ಜಿಲ್ಲೆಯಲ್ಲಿ ೧೯೮೯ರಲ್ಲಿ ನಡೆದ ಆಂದೋಲನದಲ್ಲಿ ಸುಮಾರು ಇಪ್ಪತ್ತು ಸಾವಿರ ಸ್ವಯಂಸೇವಕರು ದುಡಿದು, ೧೯೯೦ರ ಫೆಬ್ರವರಿ ೪ರಂದು ಅದು ದೇಶದ ಮೊದಲನೆಯ ಪೂರ್ಣ ಸಾಕ್ಷರ ಜಿಲ್ಲೆಯೆಂದು ಘೋಷಿತವಾಯಿತು. ಅದರ ಬೆನ್ನಿಗೇ ದಕ್ಷಿಣ ಕನ್ನಡ, ಬಿಜಾಪುರ ಮೊದಲಾದ ನಮ್ಮ ಜಿಲ್ಲೆಗಳಲ್ಲಿಯೂ ಆಂದೋಲನ ನಡೆಯಿತು. ಅವರಾರೂ ವೃತ್ತಿಬೋಧಕರಾಗಿರಲಿಲ್ಲವಲ್ಲ ಎಂದು ಕೇಳುತ್ತಾರೆ.

ಈ ಮೂರು ವಾದಗಳಲ್ಲಿಯೂ ಸತ್ಯಾಂಶವಿದೆ. ಆದರೆ ಅವು ಸಾಧಿಸುವುದು ಸ್ವಯಂಸೇವಕನು ಬೇಕೆಂಬುದನ್ನೇ ಹೊರತು ಅವನಿಗೆ ವಿದ್ಯೆ ಬೇಡವೆಂಬುದನ್ನಲ್ಲ. ಎರ್ನಾಕುಳದ ನಿದರ್ಶನವಂತೂ ಇದಕ್ಕೆ ವಿರುದ್ಧವಾಗಿಯೇ ಸಾಕ್ಷಿ ಹೇಳುತ್ತದೆ. ಅಲ್ಲಿ ಸ್ವಯಂಸೇವಕರ ಹಿಂದೆ ಜಿಲ್ಲೆಯ ಆಡಳಿತದ ಜೊತೆಗೆ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನಂಥ, ಜನರ ನಡುವೆ ವರ್ಷಗಟ್ಟಲೆ ವಿಜ್ಞಾನಪ್ರಚಾರ ಮಾಡಿ ನುರಿತ ಸಂಸ್ಥೆಯಿದ್ದಿತು. ಬೋಧಕನು ಹೊಸಬನಾದರೂ ಅವನ ಕೈಹಿಡಿದು ನಡೆಸುವವರು ಹೊಸಬರಾಗಿರಲಿಲ್ಲ. ನುರಿತವರ ಆ ಪಂಕ್ತಿಯನ್ನು ಬಿಟ್ಟು ಸ್ವಯಂಸೇವೆಯನ್ನು ಮಾತ್ರ ಅನುಕರಿಸಿದಲ್ಲಿ ಅದೇ ಫಲವನ್ನು ನಿರೀಕ್ಷಿಸುವುದು ಹೇಗೆ?

ಆತ್ಮೀಯತೆಯ ವಾದಕ್ಕೂ ಒಂದು ಮಿತಿಯಿದೆ. ಸಲಿಗೆಯು ಕಲಿಯುವಾಕೆಯನ್ನು ತರಗತಿಗೆ ಕರೆತರುತ್ತದೆ. ಮೂರನೆಯ ವಾರದಲ್ಲಿ ಅಕ್ಷರಗಳು ಕಲಸಿಹೋದಾಗ ಆಕೆಯನ್ನು ಅಲ್ಲಿ ಉಳಿಸುವುದು ಬೋಧನಕೌಶಲವೇ.

೪

ಹಾಗಾದರೆ ಆ ಕೌಶಲವೆಂದರೇನು? ಇದನ್ನು ಸಾಮಾನ್ಯ ಮಾತುಗಳಲ್ಲಿ ಹೇಳಿ ಬಿಡುವುದರಿಂದಲೇ ಚರ್ಚೆ ನಿಷ್ಫಲವಾಗಿದೆ. ಕನ್ನಡವನ್ನು ಕಲಿಸುವ ಬೋಧಕನನ್ನೇ ಎದುರಿಗಿಟ್ಟುಕೊಂಡು ವಿಚಾರಮಾಡೋಣ.

ಮೊದಲನೆಯದು ಲಿಪಿಯ ಜ್ಞಾನ. ಕನ್ನಡದ ವರ್ಣಮಾಲೆಯಲ್ಲಿ ೪೯ ಅಕ್ಷರಗಳೆಂದು ನಾವು ಸುಲಭವಾಗಿ ಹೇಳುತ್ತೇವೆ. ಗುಣಿತರೂಪಗಳನ್ನೂ ಒತ್ತುಗಳನ್ನೂ ಸೇರಿಸಿದರೆ ಕಣ್ಣು ಗುರುತಿಸಬೇಕಾದ ಆಕಾರಗಳು ನೂರಾರು. ಸ್ವರಚಿಹ್ನೆಗಳು ಒಂದೇ ಎಡೆಯಲ್ಲಿ ನಿಲ್ಲುವುದಿಲ್ಲ: ‘ಕಿ’ಯಲ್ಲಿ ತಲೆಯ ಮೇಲೆ, ‘ಕು’ವಿನಲ್ಲಿ ಬಲಗಡೆ, ‘ಕೈ’ಯಲ್ಲಿ ಮೇಲೂ ಕೆಳಗೂ. ಒತ್ತುಗಳಲ್ಲಿ ಹಲವು ಮೂಲಾಕ್ಷರವನ್ನು ಹೋಲುತ್ತವೆ; ಆದರೆ ತ, ನ, ಮ, ಯ, ರ, ಲಗಳ ಒತ್ತುಗಳಿಗೂ ಅವುಗಳ ಪೂರ್ಣರೂಪಕ್ಕೂ ಹೋಲಿಕೆಯೇ ಇಲ್ಲ. ಅರ್ಕಾವೊತ್ತಿನ ತೊಡಕು ಇನ್ನೊಂದು. ‘ಸೂರ್ಯ’ ಎಂಬಲ್ಲಿ ಕಿವಿಗೆ ರಕಾರ ಮೊದಲು ಕೇಳಿಸುತ್ತದೆ, ಯಕಾರ ಅನಂತರ. ಕಣ್ಣಿಗೆ ಯಕಾರ ಮೊದಲು, ರಕಾರದ ಗುರುತು ಅದರ ಮುಂದೆ. ಬಾಲ್ಯದಲ್ಲಿಯೇ ಇದನ್ನು ರೂಢಿಮಾಡಿಕೊಂಡ ನಮಗೆ ಇಲ್ಲಿ ತೊಡಕಿದೆಯೆಂಬುದೇ ಕಾಣುವುದಿಲ್ಲ. ಓದುಬಲ್ಲವರೆಲ್ಲ ಕಲಿಸಬಲ್ಲರೆಂಬ ಮಾತು ಬಿದ್ದುಹೋಗುವುದು ಇಲ್ಲಿಯೇ: ಬಲ್ಲವನಿಗೆ ಮರೆತುಹೋಗಿರುವ ಕಷ್ಟವನ್ನು ಮತ್ತೆ ಕಾಣುವಂತೆ ಮಾಡುವುದೇ ಬೋಧಕನ ತರಬೇತಿಯ ಮೊದಲ ಕೆಲಸ.

ಅಕ್ಷರಗಳನ್ನು ಯಾವ ಕ್ರಮದಲ್ಲಿ ಕಲಿಸಬೇಕೆಂಬುದು ಇದಕ್ಕೆ ಸೇರಿದ ವಿಷಯ. ಅಕಾರದಿಂದ ಳಕಾರದವರೆಗೆ ಕಂಠಪಾಠ ಮಾಡಿಸುವ ಹಳೆಯ ಕ್ರಮವು ಉಚ್ಚಾರಣೆಯ ಸ್ಥಾನಗಳನ್ನು ಅನುಸರಿಸಿದ ಶಾಸ್ತ್ರೀಯ ಕ್ರಮ. ಬರೆಯುವ ಕೈಗೆ ಅದು ನೆರವಾಗುವುದಿಲ್ಲ. ನಮ್ಮ ಶಾಲೆಗಳಲ್ಲಿ ಈಗ ‘ರ, ಗ, ಸ, ದ, ಅ’ ಎಂದು ಆರಂಭವಾಗುವ ಕ್ರಮವಿದೆ. ಐದಕ್ಷರ ಕಲಿತೊಡನೆಯೇ ‘ಅರಸ’, ‘ಸರ’, ‘ಗರಗಸ’ ಎಂಬ ಮಾತುಗಳನ್ನು ಓದಬಹುದು. ವಯಸ್ಕನಿಗೆ ಇದೂ ಸಾಲದು. ಅವನು ಮೊದಲ ದಿನವೇ ಬಯಸುವುದು ತನ್ನ ಹೆಸರನ್ನು, ತನ್ನ ಊರನ್ನು, ಬಸ್ಸಿನ ಫಲಕವನ್ನು. ಅಲ್ಲದೆ ಅವನ ದಿನಬಳಕೆಯ ಮಾತುಗಳಲ್ಲಿ ದ್ವಿತ್ವವು ಹೇರಳ: ಅಪ್ಪ, ಅಮ್ಮ, ಅಕ್ಕಿ, ಎತ್ತು, ಮಣ್ಣು, ಹಳ್ಳಿ. ಒತ್ತಕ್ಷರವು ಕಠಿಣವೆಂದು ಪುಸ್ತಕದ ಕೊನೆಗೆ ತಳ್ಳಿದರೆ ಈ ಮಾತುಗಳೆಲ್ಲ ಕೊನೆಗೆ ಹೋಗುತ್ತವೆ. ಮೊದಲಿಗೇ ತಂದರೆ ಹೊರೆ ಹೆಚ್ಚುತ್ತದೆ. ಎಲ್ಲಿ ತರಬೇಕು, ಎಷ್ಟು ತರಬೇಕು ಎಂಬುದನ್ನು ತರಗತಿಯ ಮುಖ ನೋಡಿ ನಿರ್ಣಯಿಸಬೇಕಾದವನು ಬೋಧಕ. ಪುಸ್ತಕ ಬರೆದವನಿಗೆ ಆ ಮುಖಗಳು ಕಾಣುವುದಿಲ್ಲ.

ಎರಡನೆಯದು ಆಡುನುಡಿಯ ಜ್ಞಾನ. ಹಳೆಯ ಮೈಸೂರಿನ ಅನೇಕ ಹಳ್ಳಿಗಳಲ್ಲಿ ‘ಹಾಲು’ ಎಂಬುದು ‘ಆಲು’ ಆಗುತ್ತದೆ. ಮಹಾಪ್ರಾಣಗಳು ಆಡುಮಾತಿನಲ್ಲಿ ಬಹುಮಟ್ಟಿಗೆ ಲೋಪವಾಗಿವೆ. ಧಾರವಾಡ, ಕಲಬುರಗಿಯ ಕಡೆಯ ಕ್ರಿಯಾರೂಪಗಳು ಪಠ್ಯದ ರೂಪಗಳಲ್ಲ. ಕರಾವಳಿಯಲ್ಲಿ ಕಲಿಯುವವಳ ಮನೆಮಾತು ತುಳುವೋ ಕೊಂಕಣಿಯೋ ಬ್ಯಾರಿಯೋ ಆಗಿರಬಹುದು; ತಾಂಡಾಗಳಲ್ಲಿ ಲಂಬಾಣಿ. ಶಿಕ್ಷಣ ಪಡೆಯದ ಬೋಧಕನು ಉಚ್ಚಾರಭೇದವನ್ನು ತಪ್ಪೆಂದು ತಿದ್ದುತ್ತಾನೆ. ನಲವತ್ತು ವರ್ಷ ಆಡಿದ ಮಾತನ್ನು ಹತ್ತು ಜನರ ಮುಂದೆ ತಪ್ಪೆನಿಸಿಕೊಂಡವಳು ಮರುದಿನ ಬರದಿದ್ದರೆ ಆಕೆಯಲ್ಲಿ ಆಸಕ್ತಿಯಿಲ್ಲವೆಂದು ದಾಖಲೆಯಾಗುತ್ತದೆ.

ಮೂರನೆಯದು ವಯಸ್ಕನ ದೇಹಮನಸ್ಸುಗಳ ಪರಿಜ್ಞಾನ. ನಲವತ್ತು ದಾಟಿದವರಿಗೆ ಹತ್ತಿರದ ದೃಷ್ಟಿ ಕುಂದುವುದು ಸಹಜ. ಲಾಂದ್ರದ ಅಥವಾ ಮಂಕು ದೀಪದ ಬೆಳಕಿನಲ್ಲಿ ‘ವ’ಕಾರ ‘ಪ’ಕಾರಗಳ, ‘ದ’ಕಾರ ‘ಧ’ಕಾರಗಳ ಭೇದ ಕಾಣದವನಿಗೆ ಬೇಕಾದುದು ಕನ್ನಡಕ, ಅದು ತಿಳಿಯದ ಬೋಧಕನು ಅವನನ್ನು ಮಂದಬುದ್ಧಿಯೆಂದು ಎಣಿಸುತ್ತಾನೆ. ಲೆಕ್ಕದಲ್ಲಿ ಇದಕ್ಕೆ ವಿಪರೀತವಾದ ಸಂಗತಿ. ಸಂತೆಯಲ್ಲಿ ವ್ಯಾಪಾರ ಮಾಡುವವಳು ಕಾಲು, ಅರೆ, ಮುಕ್ಕಾಲುಗಳ ಲೆಕ್ಕವನ್ನು ಬೋಧಕನಿಗಿಂತ ಬೇಗ ಬಾಯಲ್ಲಿಯೇ ಮಾಡಬಲ್ಲಳು. ಆಕೆಗೆ ಒಂದು ಎರಡು ಮೂರರಿಂದ ಆರಂಭಿಸುವುದು ಅವಮಾನ. ಬಾಯಿಲೆಕ್ಕವನ್ನು ಕಾಗದಕ್ಕೆ ಇಳಿಸುವುದು ಹೇಗೆಂಬುದೇ ಅಲ್ಲಿಯ ಪಾಠ. ಮಾಲ್ಕಮ್ ನೋಲ್ಸ್ ಎಂಬ ಅಮೆರಿಕದ ವಿದ್ವಾಂಸನು ೧೯೭೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ವಯಸ್ಕರ ಬೋಧನವು ಮಕ್ಕಳ ಬೋಧನಕ್ಕಿಂತ ಬೇರೆಯಾದ ಶಾಸ್ತ್ರ, ಕಲಿಯುವವನ ಅನುಭವವೇ ಅದರ ಬಂಡವಾಳ ಎಂದು ವಾದಿಸಿದನು. ಎರಡು ಶಾಸ್ತ್ರಗಳನ್ನೂ ಅಷ್ಟು ಕಡಿದು ಬೇರೆಮಾಡಿದುದು ಅತಿಯೆಂದು ಆಕ್ಷೇಪಗಳು ಬಂದು, ೧೯೮೦ರ ಆವೃತ್ತಿಯಲ್ಲಿ ಅವನೇ ಆ ಭೇದವನ್ನು ಸಡಿಲಿಸಿದನು. ಆದರೂ ಮೇಲಿನ ಸಂತೆಯ ನಿದರ್ಶನದ ಮಟ್ಟಿಗೆ ಅವನ ಮಾತು ನಿಲ್ಲುತ್ತದೆ.

ರಾಷ್ಟ್ರೀಯ ಸಾಕ್ಷರತಾ ಮಿಷನ್ನು ಸಾಕ್ಷರನೆನಿಸಿಕೊಳ್ಳಲು ನಿಮಿಷಕ್ಕೆ ೩೦ ಶಬ್ದಗಳ ವೇಗದಲ್ಲಿ ಗಟ್ಟಿಯಾಗಿ ಓದಬೇಕು, ೭ ಶಬ್ದಗಳ ವೇಗದಲ್ಲಿ ನಕಲು ಮಾಡಬೇಕು, ಹೇಳಿದುದನ್ನು ೫ ಶಬ್ದಗಳ ವೇಗದಲ್ಲಿ ಬರೆಯಬೇಕು ಎಂದು ಮಾನಗಳನ್ನು ಗೊತ್ತುಮಾಡಿತು. ಕಲಿಯುವವನಿಗೆ ಇಷ್ಟು ಸೂಕ್ಷ್ಮವಾದ ಅಳತೆಯನ್ನು ಇಟ್ಟವರು ಕಲಿಸುವವನಿಗೆ ಯಾವ ಅಳತೆಯನ್ನೂ ಇಡಲಿಲ್ಲವೆಂಬುದು ಗಮನಾರ್ಹ. ಇದರ ಫಲವಾಗಿ ಸೋಲಿನ ಹೊಣೆಯೆಲ್ಲ ಕಲಿಯುವವನ ಮೇಲೆಯೇ ಬೀಳುತ್ತದೆ.

೫

ಸ್ವಯಂಸೇವೆಯನ್ನು ಬಿಟ್ಟು ಕಾಯಿದೆಯನ್ನು ಹಿಡಿದರೆ ಎಲ್ಲವೂ ಸರಿಹೋಗುವುದೇ? ಈ ಎರಡನೆಯ ಪಕ್ಷವನ್ನು ಪರೀಕ್ಷಿಸಲು ಇಂಗ್ಲೆಂಡಿನ ಇತ್ತೀಚಿನ ಚರಿತ್ರೆ ಉಪಯುಕ್ತವಾಗಿದೆ. ೧೯೯೯ರಲ್ಲಿ ಕ್ಲಾಸ್ ಮೋಸರ್ ಅವರ ಅಧ್ಯಕ್ಷತೆಯ ಸಮಿತಿಯು ಆ ದೇಶದಲ್ಲಿ ಐವರು ವಯಸ್ಕರಲ್ಲಿ ಒಬ್ಬರಿಗೆ, ಎಂದರೆ ಸುಮಾರು ೭೦ ಲಕ್ಷ ಜನರಿಗೆ, ಜೀವನಕ್ಕೆ ಸಾಲುವಷ್ಟು ಓದುಬರಹ ಬಾರದೆಂದು ವರದಿಮಾಡಿತು. ೨೦೦೧ರಲ್ಲಿ ಹೊಸದಾಗಿ ಸೇರುವ ವಯಸ್ಕ ಹಾಗೂ ವೃತ್ತಿಶಿಕ್ಷಣ ಕಾಲೇಜುಗಳ ಬೋಧಕರು ಮಾನ್ಯವಾದ ಅರ್ಹತೆಯನ್ನು ಪಡೆಯಲೇಬೇಕೆಂದು ನಿಯಮವಾಯಿತು. ಮರುವರ್ಷವೇ ಓದುಬರಹ ಮತ್ತು ಗಣಿತ ಕಲಿಸುವವರಿಗೆ ಆಯಾ ವಿಷಯದ ಅರ್ಹತೆಯೂ ಸೇರಿತು. ೨೦೦೭ರ ನಿಯಮಗಳು ಇದನ್ನು ಇನ್ನೂ ಬಿಗಿಮಾಡಿ, ಐದು ವರ್ಷಗಳೊಳಗೆ ವೃತ್ತಿಪದವಿಯನ್ನೂ, ಪೂರ್ಣಕಾಲದ ಬೋಧಕನಿಗೆ ವರ್ಷಕ್ಕೆ ೩೦ ಗಂಟೆಗಳ ಮುಂದುವರಿದ ಅಭ್ಯಾಸವನ್ನೂ ವಿಧಿಸಿದುವು. ೨೦೧೨ರಲ್ಲಿ ಲಿಂಗ್‌ಫೀಲ್ಡ್ ಪ್ರಭುವಿನ ಸಮಿತಿಯು ಈ ಕಟ್ಟಳೆ ಬೇಡವೆಂದಿತು; ೨೦೧೩ರ ಸೆಪ್ಟೆಂಬರಿನಲ್ಲಿ ನಿಯಮಗಳು ರದ್ದಾದುವು. ಅರ್ಹತೆಯ ನಿರ್ಣಯ ಆಯಾ ಸಂಸ್ಥೆಗಳ ವಿವೇಚನೆಗೆ ಹೋಯಿತು.

ಹನ್ನೆರಡು ವರ್ಷಗಳಲ್ಲಿ ಕಟ್ಟಿ ಕೆಡವಿದ ಈ ಏರ್ಪಾಟಿನಿಂದ, ಅರ್ಹತೆಯೇ ನಿರರ್ಥಕವೆಂದು ಕೆಲವರು ತೀರ್ಮಾನಿಸಬಹುದು. ಅದು ಅವಸರದ ತೀರ್ಮಾನ. ಅದರ ದೋಷವೆಲ್ಲಿತ್ತೆಂಬುದನ್ನು ಅಲ್ಲಿಯ ಶಿಕ್ಷಣ ತನಿಖಾಧಿಕಾರಿಗಳು ೨೦೦೩ರಷ್ಟು ಹಿಂದೆಯೇ ತೋರಿಸಿದ್ದರು. ಬೋಧನಕ್ರಮದ ಸಾಮಾನ್ಯ ಪಾಠಗಳು ನಡೆಯುತ್ತಿದ್ದುವು. ಆದರೆ ಬೋಧಕನು ಕೆಲಸಮಾಡುವ ಸ್ಥಳದಲ್ಲಿ, ಅವನ ವಿಷಯವನ್ನೇ ಬಲ್ಲ ನುರಿತವನೊಬ್ಬನು ಅವನ ತರಗತಿಯಲ್ಲಿ ಕುಳಿತು ನೋಡಿ ತಿದ್ದುವ ಏರ್ಪಾಟು ದುರ್ಬಲವಾಗಿತ್ತು. ಪ್ರಮಾಣಪತ್ರವು ದೊರೆಯುತ್ತಿತ್ತು, ಅದು ಪ್ರಮಾಣೀಕರಿಸಬೇಕಾದ ಕೌಶಲಕ್ಕೆ ತಕ್ಕ ನೆಲೆ ದೊರೆಯುತ್ತಿರಲಿಲ್ಲ.

ಹೀಗೆ ನೋಡಿದರೆ, ಹೊರನೋಟಕ್ಕೆ ಪರಸ್ಪರ ವಿರುದ್ಧವಾಗಿ ಕಾಣುವ ಭಾರತದ ಕ್ರಮವೂ ಇಂಗ್ಲೆಂಡಿನ ಕ್ರಮವೂ ಒಂದೇ ಸ್ಥಳದಲ್ಲಿ ಎಡವಿವೆ. ಒಂದು ಉತ್ಸಾಹವನ್ನು ನಂಬಿತು, ಇನ್ನೊಂದು ಪದವಿಯನ್ನು ನಂಬಿತು. ಬೋಧಕನು ತರಗತಿಯಲ್ಲಿ ಪಾಠ ಹೇಳುತ್ತಿರುವಾಗ ಬಲ್ಲವನೊಬ್ಬನು ಅವನ ಪಕ್ಕದಲ್ಲಿ ಇರಬೇಕೆಂಬುದನ್ನು ಎರಡೂ ಮುಖ್ಯವೆಂದು ಎಣಿಸಲಿಲ್ಲ. ನಮ್ಮ ಸಂಗೀತದಲ್ಲಿಯಾಗಲಿ ನೇಯ್ಗೆಯಲ್ಲಿಯಾಗಲಿ ವಿದ್ಯೆಯು ಒಬ್ಬರಿಂದೊಬ್ಬರಿಗೆ ಸಾಗಿಬಂದ ಬಗೆಯನ್ನು ಬಲ್ಲವರಿಗೆ ಇದರಲ್ಲಿ ಹೊಸತೇನೂ ತೋರದು.

೬

ಈ ವಿಮರ್ಶೆಯಿಂದ ಸಿದ್ಧವಾಗುವ ಅಂಶಗಳನ್ನು ಸಂಗ್ರಹವಾಗಿ ಹೇಳಬಹುದು.

ಸ್ವಯಂಸೇವಕ ಬೋಧಕನಿಂದ ಪದವಿಯನ್ನು ಅಪೇಕ್ಷಿಸತಕ್ಕದ್ದಲ್ಲ. ಆದರೆ ಮೇಲೆ ಹೇಳಿದ ಲಿಪಿ, ಆಡುನುಡಿ, ವಯಸ್ಕನ ಸ್ಥಿತಿ ಎಂಬ ಮೂರು ವಿಷಯಗಳನ್ನು ಕೇಂದ್ರವಾಗಿಟ್ಟುಕೊಂಡ ಸಂಕ್ಷಿಪ್ತವೂ ನಿರ್ದಿಷ್ಟವೂ ಆದ ಶಿಕ್ಷಣವಿಲ್ಲದೆ ಅವನನ್ನು ತರಗತಿಗೆ ಕಳುಹಿಸತಕ್ಕದ್ದೂ ಅಲ್ಲ. ಈ ತರಬೇತಿಯು ಆರಂಭದಲ್ಲಿ ಒಮ್ಮೆ ನಡೆದು ಮುಗಿಯದೆ, ತರಗತಿಯು ಒತ್ತಕ್ಷರಕ್ಕೆ ಬಂದಾಗ, ಲೆಕ್ಕಕ್ಕೆ ಬಂದಾಗ, ಹಾಜರಿ ಇಳಿಯತೊಡಗಿದಾಗ ಮತ್ತೆ ಮತ್ತೆ ನಡೆಯಬೇಕು. ಕಷ್ಟವನ್ನು ಎದುರಿಸುವ ಮೊದಲೇ ಕೇಳಿದ ಪರಿಹಾರವು ನೆನಪಿನಲ್ಲಿ ನಿಲ್ಲುವುದಿಲ್ಲ.

ಅರ್ಹತೆಯ ಕಟ್ಟುನಿಟ್ಟು ಸಲ್ಲತಕ್ಕದ್ದು ಸ್ವಯಂಸೇವಕನ ಮೇಲಿನ ಪಂಕ್ತಿಗೆ. ಹತ್ತಾರು ಬೋಧಕರನ್ನು ನಡೆಸುವ ಪ್ರೇರಕನು ಪೂರ್ಣಕಾಲದ ವೃತ್ತಿಯವನಾಗಿರಬೇಕು. ವಿಶ್ವವಿದ್ಯಾನಿಲಯಗಳ ವಯಸ್ಕರ ಶಿಕ್ಷಣ ವಿಭಾಗಗಳಲ್ಲಿ ದೊರೆಯುವ ಶಾಸ್ತ್ರಜ್ಞಾನದ ಜೊತೆಗೆ, ತಾನೇ ತರಗತಿ ನಡೆಸಿದ ಅನುಭವವೂ ಅವನ ಅರ್ಹತೆಯ ಅಂಗವಾಗಬೇಕು. ಅವನ ಸಂಬಳವು ಯೋಜನೆಯ ಅವಧಿಗೆ ಅಂಟಿಕೊಂಡಿರಬಾರದು. ಯೋಜನೆ ಮುಗಿದೊಡನೆ ನುರಿತವರೂ ಚದುರಿಹೋದರೆ ಮುಂದಿನ ಯೋಜನೆಯು ಮತ್ತೆ ಹೊಸಬರಿಂದಲೇ ಆರಂಭವಾಗುತ್ತದೆ. ಕಳೆದ ದಶಕಗಳಲ್ಲಿ ನಮ್ಮ ದೊಡ್ಡ ನಷ್ಟ ಇದೇ. ಚೆನ್ನಾಗಿ ಪಾಠ ಹೇಳಿದ ಸ್ವಯಂಸೇವಕನಿಗೂ, ಅವರಲ್ಲಿ ಬಹುಸಂಖ್ಯೆಯ ಹೆಣ್ಣುಮಕ್ಕಳಿಗೂ, ಆ ಅನುಭವವನ್ನು ಎಣಿಕೆಗೆ ತೆಗೆದುಕೊಂಡು ಈ ಮೇಲಿನ ಪಂಕ್ತಿಗೆ ಏರುವ ದಾರಿಯಿರಬೇಕು. ಸೇವೆಯೆಂಬ ಹೊಗಳಿಕೆಯನ್ನೇ ಸಂಬಳವಾಗಿ ಕೊಡುವುದು ಬಹುಕಾಲ ನಡೆಯದು.

ಇದಕ್ಕೆ ಹಣವೆಲ್ಲಿ ಎಂಬ ಆಕ್ಷೇಪ ಬರುವುದು ನಿಶ್ಚಯ. ೨೦೧೧ರ ಜನಗಣತಿಯಂತೆ ಕರ್ನಾಟಕದ ಸಾಕ್ಷರತೆ ನೂರಕ್ಕೆ ೭೫ರಷ್ಟಿದ್ದಿತು. ಯಾದಗಿರಿ ಜಿಲ್ಲೆಯಲ್ಲಿ ೫೨ನ್ನೂ ಮುಟ್ಟಿರಲಿಲ್ಲ. ನೂರು ವರ್ಷಗಳ ಪ್ರಯತ್ನದ ಮೇಲೂ ಉಳಿದಿರುವವರು ಸುಲಭವಾಗಿ ಕೈಗೆ ಸಿಕ್ಕತಕ್ಕವರಲ್ಲ: ವಯಸ್ಸಾದವರು, ಹೆಂಗಸರು, ಕೂಲಿಗಾಗಿ ಊರು ಬಿಡುವವರು, ಮನೆಮಾತು ಬೇರೆಯಾದವರು, ಹಿಂದೊಮ್ಮೆ ತರಗತಿಗೆ ಬಂದು ಸೋತು ಹಿಂದಿರುಗಿದವರು. ಸುಲಭವಾದ ಕಾಲದಲ್ಲಿ ಉತ್ಸಾಹ ಸಾಕಾಗಿದ್ದಿರಬಹುದು. ಈಗ ಉಳಿದಿರುವ ಕೆಲಸಕ್ಕೆ ನುರಿತ ಕೈಯೇ ಬೇಕು. ವಿಶೇಷವಾಗಿ ಒಮ್ಮೆ ಸೋತು ಹೋದವಳು ಎರಡನೆಯ ಬಾರಿ ಬಾಗಿಲಿಗೆ ಬಂದಾಗ ಆಕೆಗೆ ದೊರೆಯುವ ಬೋಧಕನು ಯಾರೆಂಬುದರ ಮೇಲೆ ಆಕೆಯ ಉಳಿದ ಬಾಳಿನ ಓದು ನಿಂತಿದೆ. ಆದುದರಿಂದ ಮುಂದಿನ ಯೋಜನೆಯನ್ನು ರಚಿಸುವವರು ಕಲಿಯುವವರ ಸಂಖ್ಯೆಯನ್ನು ಬರೆದ ಪುಟದಲ್ಲಿಯೇ, ಕಲಿಸುವವರನ್ನು ಯಾರು ಎಷ್ಟು ಕಾಲ ಸಿದ್ಧಗೊಳಿಸುವರು, ತರಗತಿಯಲ್ಲಿ ಯಾರು ಅವರ ಜೊತೆಗಿರುವರು, ಅದಕ್ಕೆ ವೆಚ್ಚವೆಷ್ಟು ಎಂಬುದನ್ನೂ ಬರೆಯತಕ್ಕದ್ದು.